ಗ್ರೀಕ್ ದೇವತೆಗಳನ್ನು ಗುರುತು ಹಿಡಿಯುವುದು ಹೇಗೆ: ಶಿಲ್ಪ ಮತ್ತು ಚಿತ್ರಪಾತ್ರೆ ನೋಡುವವರಿಗೆ

ಮೊದಲು ಮುಖ ನೋಡಬೇಡಿ. ಗ್ರೀಕ್ ಶಿಲ್ಪಿ ದೇವರಿಗೆ ಕೊಟ್ಟದ್ದು ಮನುಷ್ಯನ ಮುಖವನ್ನೇ. ದೇವರ ರಾಜನಾದ ಗಡ್ಡದ ಜ್ಯೂಸ್ ಮತ್ತು ಕಡಲ ದೇವರಾದ ಗಡ್ಡದ ಪೊಸೈಡನ್ ಅಕ್ಕಪಕ್ಕ ನಿಂತರೆ ಮುಖ ನೋಡಿ ಹೇಳಲು ಯಾರಿಂದಲೂ ಆಗದು. ಹೆಚ್ಚು ಕೈಗಳಿಲ್ಲ, ದೇವರಿಗೆಂದೇ ಬೇರೆ ಮೈಬಣ್ಣವಿಲ್ಲ. ಗುರುತು ಇರುವುದು ಕೈಯಲ್ಲಿ ಹಿಡಿದ ವಸ್ತುವಿನಲ್ಲಿ, ತಲೆಯ ಮೇಲೆ, ಕಾಲಲ್ಲಿ, ಪಕ್ಕದಲ್ಲಿರುವ ಪ್ರಾಣಿಯಲ್ಲಿ, ಮತ್ತು ಸುತ್ತ ಯಾರಿದ್ದಾರೆ ಎನ್ನುವುದರಲ್ಲಿ. ಒಂದೇ ಗುರುತು ಸಿಕ್ಕರೆ ಹೆಸರು ಹೇಳಬೇಡಿ; ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುರುತು ಸಿಕ್ಕ ಮೇಲೆ ಹೇಳಿ. ಈ ಒಂದು ನಿಯಮ ಪಾಲಿಸಿದರೆ ಮುಕ್ಕಾಲು ಪಾಲು ತಪ್ಪು ತಪ್ಪುತ್ತದೆ.

ಕಾಲ ಮೊದಲು, ಹೆಸರು ಆಮೇಲೆ

ವಸ್ತು ಯಾವ ಕಾಲದ್ದು ಎಂದು ಮೊದಲೇ ತಿಳಿದುಕೊಳ್ಳಬೇಕು. ಕಾರಣ ಸರಳ: ದೇವರುಗಳ ರೂಪ ಬದಲಾಗಿದೆ. ಮದ್ಯದ ದೇವರು ಡಯೊನಿಸಸ್ ಎಂದರೆ ಹೆಣ್ಣಿನ ಕೋಮಲತೆಯ, ಗಡ್ಡವಿಲ್ಲದ ತರುಣ ಎಂದು ನಂಬಿದವರು ಕ್ರಿ.ಪೂ. 6ನೇ ಶತಮಾನದ ಪಾತ್ರೆಯೊಂದರ ಮುಂದೆ ಪೇಚಿಗೆ ಸಿಕ್ಕುತ್ತಾರೆ. ಅಲ್ಲಿ ಅವನಿಗೆ ಉದ್ದ ಗಡ್ಡ, ಪಾದದವರೆಗೆ ಇಳಿದ ನಿಲುವಂಗಿ. ಕ್ರಿ.ಪೂ. 5ನೇ ಶತಮಾನ ಮುಗಿಯುವ ಹೊತ್ತಿಗೆ ಅವನ ಗಡ್ಡ ಹೋಗುತ್ತದೆ. ದೇವರ ದೂತ ಹರ್ಮೀಸ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಅಪೊಲೊ ಮಾತ್ರ ಬಹುತೇಕ ಎಲ್ಲ ಕಾಲದಲ್ಲೂ ಗಡ್ಡವಿಲ್ಲದವನು. ಪ್ರೇಮದೇವಿ ಅಫ್ರೊಡೈಟಿಯ ರೂಪವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ದೊಡ್ಡ ಶಿಲ್ಪದಲ್ಲಿ ಅವಳನ್ನು ಪೂರ್ತಿ ನಗ್ನಳಾಗಿ ತೋರಿಸಿದ್ದು ಶಿಲ್ಪಿ ಪ್ರಾಕ್ಸಿಟಿಲೀಸ್ ಕ್ರಿ.ಪೂ. 4ನೇ ಶತಮಾನದಲ್ಲಿ ಕ್ನಿಡೋಸ್ ನಗರದ ಮೂರ್ತಿ ಕಡೆದ ಮೇಲೆ. ಅದಕ್ಕೂ ಹಳೆಯ ಪಾತ್ರೆಯಲ್ಲಿ ನಗ್ನ ಹೆಣ್ಣು ಕಂಡರೆ ಅವಳು ಸ್ನಾನ ಮಾಡುತ್ತಿರುವ ಸಾಮಾನ್ಯ ಹೆಂಗಸಾಗಿರುವ ಸಂಭವವೇ ಹೆಚ್ಚು.

ಪಾತ್ರೆಯ ಕಾಲ ಅಂದಾಜಿಸಲು ಒಂದು ಒರಟು ಲೆಕ್ಕ ಸಾಕು. ಕೆಂಪು ಮಣ್ಣಿನ ಹಿನ್ನೆಲೆಯಲ್ಲಿ ಕಪ್ಪು ಆಕೃತಿಗಳಿದ್ದರೆ ಅದು ಹಳೆಯ ಶೈಲಿ. ಕಪ್ಪು ಹಿನ್ನೆಲೆಯಲ್ಲಿ ಆಕೃತಿಗಳನ್ನು ಮಣ್ಣಿನ ಕೆಂಪಿನಲ್ಲೇ ಬಿಟ್ಟಿದ್ದರೆ ಅದು ಅಥೆನ್ಸ್‌ನಲ್ಲಿ ಕ್ರಿ.ಪೂ. 530-520ರ ಸುಮಾರಿಗೆ ಹುಟ್ಟಿದ ಹೊಸ ಶೈಲಿ. ಕೆಲವು ದಶಕ ಎರಡೂ ಜೊತೆಜೊತೆಗೇ ನಡೆದವು.

ಕಪ್ಪು ಆಕೃತಿಯ ಪಾತ್ರೆಯಲ್ಲಿ ಗಂಡಸರ ಮೈ ಕಪ್ಪು, ಹೆಂಗಸರ ಮೈ ಬಿಳಿ. ದೇವಿಯನ್ನು ದೂರದಿಂದಲೇ ಗುರುತಿಸಲು ಇದು ಒಳ್ಳೆಯ ಸುಳಿವು, ಆದರೆ ಇದರಲ್ಲೊಂದು ಮೋಸವಿದೆ. ಆ ಬಿಳಿ ಬಣ್ಣವನ್ನು ಕಪ್ಪಿನ ಮೇಲೆ ಬಳಿದಿರುವುದರಿಂದ ಅದು ಸುಲಭವಾಗಿ ಉದುರುತ್ತದೆ. ಉದುರಿದ ಮೇಲೆ ದೇವಿಯ ಮುಖವೂ ಕಪ್ಪಾಗಿ, ಗಂಡಸಿನಂತೆ ಕಾಣುತ್ತದೆ. ಸಂಶಯ ಬಂದರೆ ಕಣ್ಣು ನೋಡಿ: ಈ ಶೈಲಿಯಲ್ಲಿ ಗಂಡಸರ ಕಣ್ಣು ಸಾಮಾನ್ಯವಾಗಿ ದುಂಡಗೆ, ಹೆಂಗಸರದು ಬಾದಾಮಿಯಾಕಾರ. ಓರೆ ಬೆಳಕಿನಲ್ಲಿ ನೋಡಿದರೆ ಬಿಳಿ ಇದ್ದ ಜಾಗ ಮಂಕಾಗಿಯೂ ಉಳಿದ ಕಪ್ಪು ಹೊಳಪಾಗಿಯೂ ಕಾಣುವುದುಂಟು.

ಕೈ ಅಸಲಿಯೇ?

ಶಿಲ್ಪದ ಮುಂದೆ ನಿಂತಾಗ ಲಾಂಛನ ಹುಡುಕುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಭೂಮಿಯಿಂದ ತೆಗೆದ ಅಮೃತಶಿಲೆಯ ಮೂರ್ತಿಗಳಿಗೆ ಕೈ, ಮೂಗು, ತಲೆ ಇಲ್ಲದಿರುವುದೇ ಹೆಚ್ಚು. 16ರಿಂದ 18ನೇ ಶತಮಾನದ ಯೂರೋಪಿನ ಸಂಗ್ರಹಕಾರರು ಅವುಗಳಿಗೆ ಹೊಸ ಅಂಗ ಜೋಡಿಸಿ, ಕೈಗೆ ತಮಗೆ ಸರಿಕಂಡದ್ದನ್ನು ಕೊಡಿಸಿಬಿಡುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಚಕ್ರ ಎಸೆಯುವವನ ಪ್ರತಿಮೆಯನ್ನೇ ನೋಡಿ. 1791ರಲ್ಲಿ ರೋಮ್ ಬಳಿಯ ಹೇಡ್ರಿಯನ್ ಚಕ್ರವರ್ತಿಯ ವಿಲ್ಲಾದಲ್ಲಿ ಸಿಕ್ಕ ಅದಕ್ಕೆ ತಲೆಯನ್ನು ತಪ್ಪು ದಿಕ್ಕಿಗೆ ತಿರುಗಿಸಿ ಕೂರಿಸಲಾಗಿದೆ. ಅವನು ಚಕ್ರದ ಕಡೆ ಹಿಂತಿರುಗಿ ನೋಡಬೇಕಿತ್ತು. ಈಗ ನೆಲ ನೋಡುತ್ತಿದ್ದಾನೆ. ತಲೆಯೇ ಹೀಗಾದರೆ ಕೈಯಲ್ಲಿರುವ ಬಿಲ್ಲನ್ನು ನಂಬುವುದು ಹೇಗೆ?

ಆದ್ದರಿಂದ ಭುಜ, ಮೊಣಕೈ, ಮಣಿಕಟ್ಟು, ಕುತ್ತಿಗೆಗಳಲ್ಲಿ ಜೋಡಣೆಯ ಗೆರೆ ಇದೆಯೇ ನೋಡಿ. ನೇರವಾಗಿ ಕತ್ತರಿಸಿದಂತಿರುವ ಗೆರೆ, ಕಲ್ಲಿನ ಬಣ್ಣದಲ್ಲಿ ದಿಢೀರ್ ಬದಲಾವಣೆ, ಒಂದು ಕಡೆ ಸವೆತ ಇದ್ದು ಇನ್ನೊಂದು ಕಡೆ ನುಣುಪು, ಇವೆಲ್ಲ ಹೊಸ ಅಂಗದ ಸೂಚನೆ. ಗೆರೆಯ ಆಚೆಗಿನ ಲಾಂಛನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇನ್ನೊಂದು ಸಂಗತಿ: ಕಾಲಿಗೆ ಒತ್ತಿಕೊಂಡ ಮರದ ಬೊಡ್ಡೆ ಕಂಡರೆ ಅದು ಬಹುಪಾಲು ಗ್ರೀಕ್ ಕಂಚಿನ ಮೂರ್ತಿಯನ್ನು ರೋಮನ್ನರು ಕಲ್ಲಿನಲ್ಲಿ ನಕಲು ಮಾಡಿದ್ದು. ಕಂಚು ತನ್ನ ಭಾರ ತಾನೇ ಹೊರುತ್ತದೆ, ಕಲ್ಲಿಗೆ ಊರೆಗೋಲು ಬೇಕು. ನಕಲುಗಾರರು ಆ ಬೊಡ್ಡೆಯ ಮೇಲೆ ಸುಳಿವು ಕೆತ್ತುವುದುಂಟು. ವ್ಯಾಟಿಕನ್ನಿನ ಬೆಲ್ವೆಡೀರ್ ಅಪೊಲೊನ ಬೊಡ್ಡೆಗೆ ಹಾವು ಸುತ್ತಿಕೊಂಡಿದೆ. ಕೈ ಹೋದರೂ ಬೊಡ್ಡೆ ಉಳಿದಿರುತ್ತದೆ, ಹಾಗಾಗಿ ಅಲ್ಲೂ ಕಣ್ಣು ಹಾಯಿಸಿ.

ಲಾಂಛನಗಳು: ಗಟ್ಟಿಯವು ಮತ್ತು ಸಡಿಲವಾದವು

ಎಲ್ಲ ಲಾಂಛನಕ್ಕೂ ಒಂದೇ ತೂಕವಿಲ್ಲ. ಒಬ್ಬರಿಗೇ ಮೀಸಲಾದವು ಕೆಲವೇ.

ಅಥೇನಾಳ ಏಜಿಸ್ ಎಲ್ಲಕ್ಕಿಂತ ಗಟ್ಟಿ. ಅದು ಎದೆ, ಹೆಗಲ ಮೇಲೆ ಹೊದ್ದ ಆಡಿನ ಚರ್ಮದ ಕವಚ. ಅಂಚಿಗೆಲ್ಲ ಹಾವುಗಳು, ನಡುವೆ ಗಾರ್ಗನ್ ರಾಕ್ಷಸಿಯ ಮುಖ. ಶಿರಸ್ತ್ರಾಣ ಮತ್ತು ಈಟಿ ಅಮೆಜಾನ್ ಯೋಧೆಯರಿಗೂ ಇರುತ್ತವೆ, ಗೂಬೆ ಎಷ್ಟೋ ಸಲ ಇರುವುದೇ ಇಲ್ಲ. ಏಜಿಸ್ ಇದ್ದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಶಿಲ್ಪಿ ಫಿಡಿಯಾಸ್ ಮಾಡಿ ಕ್ರಿ.ಪೂ. 438ರಲ್ಲಿ ಅಥೆನ್ಸ್‌ನ ಪಾರ್ಥೆನಾನ್ ದೇಗುಲದಲ್ಲಿ ನಿಲ್ಲಿಸಿದ, ದಂತ ಮತ್ತು ಚಿನ್ನದ ಬೃಹತ್ ಅಥೇನಾ ಈಗಿಲ್ಲ. ಅದರ ಸುಮಾರು 1 ಮೀಟರ್ ಎತ್ತರದ ನಕಲೊಂದು ಅಥೆನ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಏಜಿಸ್, ಗುರಾಣಿ, ಹಾವು, ಅಂಗೈ ಮೇಲೆ ನಿಂತ ರೆಕ್ಕೆಯ ವಿಜಯದೇವಿ ನೈಕಿ, ಎಲ್ಲವನ್ನೂ ಒಟ್ಟಿಗೆ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಜ್ಯೂಸ್‌ನ ಸಿಡಿಲನ್ನು ಮಿಂಚಿನ ಅಂಕುಡೊಂಕು ಗೆರೆಯಾಗಿ ಹುಡುಕಬೇಡಿ. ನಡುವೆ ಹಿಡಿ, ಎರಡೂ ತುದಿಯಲ್ಲಿ ಮೊಗ್ಗಿನಂತೆ ಅರಳಿದ ಎಸಳುಗಳು. ಮೊದಲ ಸಲ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಪೊಸೈಡನ್‌ಗೆ ತ್ರಿಶೂಲ, ಕೆಲವೊಮ್ಮೆ ಇನ್ನೊಂದು ಕೈಯಲ್ಲಿ ಮೀನು. ಸೊಂಟದ ಕೆಳಗೆ ಮೀನಿನ ಬಾಲವಿದ್ದರೆ ಅವನು ಪೊಸೈಡನ್ ಅಲ್ಲ. ಟ್ರೈಟನ್ ಅಥವಾ ಇನ್ನಾರಾದರೂ ಕಡಲ ದೇವತೆ.

ಹರ್ಮೀಸ್‌ಗೆ ಅಗಲ ಅಂಚಿನ ಪ್ರಯಾಣದ ಟೋಪಿ, ರೆಕ್ಕೆಯ ಪಾದರಕ್ಷೆ, ಮತ್ತು ದೂತನ ಕೋಲು. ಆ ಕೋಲಿಗೆ ಎರಡು ಹಾವು. ಒಂದೇ ಹಾವು ಸುತ್ತಿದ ಊರುಗೋಲು ವೈದ್ಯದೇವ ಅಸ್ಕ್ಲೀಪಿಯಸ್‌ನದು. ಅಮೆರಿಕದ ಸೇನೆಯ ವೈದ್ಯಕೀಯ ದಳ 1902ರಲ್ಲಿ ಎರಡು ಹಾವಿನ ಕೋಲನ್ನೇ ತನ್ನ ಚಿಹ್ನೆ ಮಾಡಿಕೊಂಡ ಮೇಲೆ ಗೊಂದಲ ಇನ್ನಷ್ಟು ಹಬ್ಬಿತು. ವ್ಯಾಪಾರ ಮತ್ತು ಕಳ್ಳತನದ ದೇವರ ಕೋಲು ವೈದ್ಯರ ಕೈಗೆ ಹೋದದ್ದು ಹೀಗೆ! ದೂತನ ಕೋಲು ದೇವರ ದೂತೆ ಐರಿಸ್‌ಗೂ ಉಂಟು. ಬೆನ್ನಿಗೆ ರೆಕ್ಕೆಯಿದ್ದು ಹೆಣ್ಣಾಗಿದ್ದರೆ ಅವಳೇ. ಕೋಲಿಲ್ಲದೆ ಬರೀ ರೆಕ್ಕೆಯಿದ್ದರೆ ನೈಕಿಯೂ ಆಗಬಹುದು.

ಕುಂಟ ಕಮ್ಮಾರದೇವ ಹೆಫೆಸ್ಟಸ್‌ಗೆ ಸುತ್ತಿಗೆ ಅಥವಾ ಇಕ್ಕಳ, ಕುಶಲಕರ್ಮಿಯ ಶಂಕುವಿನಾಕಾರದ ಟೋಪಿ. ಕತ್ತೆಯ ಮೇಲೆ ಕೂತವನನ್ನು ಡಯೊನಿಸಸ್ ಕರೆತರುತ್ತಿರುವ ಮೆರವಣಿಗೆ ಕಂಡರೆ ಅದು ಹೆಫೆಸ್ಟಸ್ ಒಲಿಂಪಸ್‌ಗೆ ಮರಳುವ ದೃಶ್ಯ.

ಇನ್ನುಳಿದವು ಹಲವರಿಗೆ ಸೇರಿದ ಲಾಂಛನಗಳು. ಪಂಜನ್ನು ಪೈರಿನ ದೇವಿ ಡಿಮೀಟರ್, ಅವಳ ಮಗಳು ಪರ್ಸೆಫೊನಿ, ಮಾಟದ ದೇವಿ ಹೆಕಟಿ, ಬೇಟೆಯ ದೇವಿ ಆರ್ಟೆಮಿಸ್ ಎಲ್ಲರೂ ಹಿಡಿಯುತ್ತಾರೆ. ಪಂಜಿನ ಜೊತೆ ಗೋಧಿ ತೆನೆ ಇದ್ದರೆ ಮೊದಲಿಬ್ಬರ ಕಡೆ ವಾಲಬಹುದು. ಬಿಲ್ಲು ಅಪೊಲೊಗೂ ಆರ್ಟೆಮಿಸ್‌ಗೂ ಹೆರಾಕ್ಲಿಸ್‌ಗೂ ಉಂಟು. ಸಿಂಹದ ಚರ್ಮ ಮತ್ತು ದೊಣ್ಣೆ ಇದ್ದರೆ ಹೆರಾಕ್ಲಿಸ್, ತಂತಿವಾದ್ಯ ಇಲ್ಲವೇ ಲಾರೆಲ್ ಎಲೆಯ ಮಾಲೆ ಇದ್ದರೆ ಅಪೊಲೊ. ತುದಿಗೆ ಎಲೆಯ ಗೊಂಡೆ ಅಥವಾ ಪೈನ್ ಕಾಯಿ ಸಿಕ್ಕಿಸಿದ ದಂಟು ಕಂಡ ತಕ್ಷಣ ಡಯೊನಿಸಸ್ ಎನ್ನಬೇಡಿ, ಅವನ ಹಿಂಬಾಲಕಿಯರೂ ಅದನ್ನೇ ಬೀಸುತ್ತಾರೆ. ರಾಜದಂಡ ಯಾವ ರಾಜನ ಕೈಯಲ್ಲಾದರೂ ಇರಬಹುದು. ನೈವೇದ್ಯ ಸುರಿಯುವ ಚಪ್ಪಟೆ ಬಟ್ಟಲಂತೂ ಎಲ್ಲ ದೇವತೆಗಳ ಕೈಯಲ್ಲೂ ಕಾಣುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ತಲೆಯ ಸುತ್ತ ಕಿರಣಗಳಿದ್ದರೆ ಹೀಲಿಯೋಸ್, ಅಂದರೆ ಸೂರ್ಯ. ಅಪೊಲೊ ಮತ್ತು ಸೂರ್ಯ ಒಂದೇ ಎಂಬ ಕಲ್ಪನೆ ನಂತರ ಬಲಗೊಂಡದ್ದು. ಹಳೆಯ ಪಾತ್ರೆಗಳಲ್ಲಿ ಇಬ್ಬರೂ ಬೇರೆಬೇರೆ.

ಲಾಂಛನವಿಲ್ಲದವರು

ಜ್ಯೂಸ್‌ನ ಹೆಂಡತಿ ಹೆರಾ, ಯುದ್ಧದೇವ ಏರೀಸ್, ಪಾತಾಳದ ದೊರೆ ಹೇಡೀಸ್, ಒಲೆಯ ದೇವಿ ಹೆಸ್ಟಿಯಾ ಈ ನಾಲ್ವರೂ ತಲೆನೋವು. ಹೆರಾಳಿಗೆ ಕಿರೀಟ, ಮುಸುಕು, ರಾಜದಂಡ, ಮೂರೂ ಸಡಿಲವಾದವು. ಏರೀಸ್ ಎಂದರೆ ಕವಚ ತೊಟ್ಟ ಯೋಧ, ಸುತ್ತ ಇನ್ನೂ ಹತ್ತು ಯೋಧರಿದ್ದರೆ ಮುಗಿಯಿತು. ಹೇಡೀಸ್‌ನನ್ನು ಚಿತ್ರಿಸಿದ್ದೇ ಕಡಿಮೆ. ಹೆಸ್ಟಿಯಾ ಇನ್ನೂ ಅಪರೂಪ.

ಇವರಿಗೆ ಕಳೆಯುವ ಲೆಕ್ಕ ಹಾಕಬೇಕು. ಮೂವರು ದೇವಿಯರಲ್ಲಿ ಯಾರು ಚೆಲುವೆ ಎಂದು ಟ್ರಾಯ್ ರಾಜಕುಮಾರ ಪ್ಯಾರಿಸ್ ಕೊಡುವ ತೀರ್ಪಿನ ದೃಶ್ಯದಲ್ಲಿ ಹರ್ಮೀಸ್ ಮುಂದೆ ನಡೆಯುತ್ತಾನೆ, ಹಿಂದೆ ಮೂವರು ದೇವಿಯರು. ಏಜಿಸ್ ಇರುವವಳು ಅಥೇನಾ, ಪುಟ್ಟ ರೆಕ್ಕೆಯ ಕಾಮದೇವ ಈರೋಸ್ ಪಕ್ಕದಲ್ಲಿರುವವಳು ಅಫ್ರೊಡೈಟಿ, ಉಳಿದವಳು ಹೆರಾ. ಅದೇ ಹೆಂಗಸು ಒಂಟಿಯಾಗಿ ನಿಂತಿದ್ದರೆ ಹೆಸರು ಹೇಳಲು ಆಗುತ್ತಿರಲಿಲ್ಲ.

ಅಕ್ಷರಗಳಿದ್ದರೆ

ಕೆಲವು ಪಾತ್ರೆಗಳಲ್ಲಿ ಚಿತ್ರಕಾರನೇ ಹೆಸರು ಬರೆದಿರುತ್ತಾನೆ. ಫ್ಲಾರೆನ್ಸ್‌ನಲ್ಲಿರುವ ಫ್ರಾಂಸ್ವಾ ಪಾತ್ರೆ ಇದರಲ್ಲಿ ಹೆಸರುವಾಸಿ: ಕ್ರಿ.ಪೂ. 570ರ ಸುಮಾರಿನದು, 66 ಸೆಂ.ಮೀ. ಎತ್ತರ, 200ಕ್ಕೂ ಹೆಚ್ಚು ಆಕೃತಿಗಳು, 100ಕ್ಕೂ ಮಿಕ್ಕಿದ ಬರಹಗಳು. ಬರೆದವನು ಕ್ಲೈಟಿಯಸ್. 1900ರಲ್ಲಿ ಕಾವಲುಗಾರನೊಬ್ಬ ಸ್ಟೂಲ್ ಎಸೆದು ಅದನ್ನು 638 ಚೂರು ಮಾಡಿದ್ದ, ಮತ್ತೆ ಜೋಡಿಸಿದ್ದಾರೆ.

ಓದುವಾಗ ಮೂರು ಎಚ್ಚರ. ಬರಹ ಬಲದಿಂದ ಎಡಕ್ಕೂ ಹೋಗುತ್ತದೆ, ಸಾಮಾನ್ಯವಾಗಿ ಆಕೃತಿಯ ತಲೆಯ ಬಳಿ ಶುರುವಾಗಿ ದೂರ ಸರಿಯುತ್ತದೆ; ಹಾಗಾಗಿ ಎರಡು ಆಕೃತಿಗಳ ನಡುವಿನ ಹೆಸರು ಯಾರ ತಲೆಯಿಂದ ಹೊರಟಿತು ಎಂದು ನೋಡಿ. ಇಂಗ್ಲಿಷ್‌ನ ‘ಎಚ್’ನಂತಿರುವ ಅಕ್ಷರಕ್ಕೆ ಹಳೆಯ ಅಥೆನ್ಸ್ ಲಿಪಿಯಲ್ಲಿ ‘ಹ’ ಉಚ್ಚಾರ, ‘ಪಿ’ಯಂತಿರುವುದಕ್ಕೆ ‘ರ’. ಇನ್ನು ಬರೆದದ್ದೆಲ್ಲ ದೇವರ ಹೆಸರಲ್ಲ. ‘ಕಲೋಸ್’ ಎಂಬ ಪದ ಬಂದರೆ ಇಂಥ ಹುಡುಗ ಚೆಲುವ ಎಂದರ್ಥ, ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಎಗ್ರಾಪ್ಸೆನ್’ ಎಂದರೆ ಬರೆದವನ ಸಹಿ, ‘ಎಪೊಯೆಸೆನ್’ ಎಂದರೆ ಮಾಡಿದವನ ಸಹಿ. ಅಂದಕ್ಕೆಂದು ಅರ್ಥವಿಲ್ಲದ ಅಕ್ಷರ ಗೀಚಿದ ಪಾತ್ರೆಗಳೂ ಇವೆ, ಅವುಗಳಲ್ಲಿ ಹೆಸರು ಹುಡುಕುತ್ತಾ ಸಂಜೆ ಕಳೆಯಬೇಡಿ.

ಗುರುತು ಕಳೆದುಹೋದಾಗ: ಆರ್ಟೆಮಿಸಿಯನ್ ಕಂಚು

ಯೂಬಿಯಾ ದ್ವೀಪದ ಆರ್ಟೆಮಿಸಿಯನ್ ಭೂಶಿರದ ಬಳಿ ಸಮುದ್ರದಿಂದ 1926ರಲ್ಲಿ ಒಂದು ತೋಳು, 1928ರಲ್ಲಿ ಉಳಿದ ಮೈ ಸಿಕ್ಕಿತು. 2.09 ಮೀಟರ್ ಎತ್ತರದ, ಕ್ರಿ.ಪೂ. 460ರ ಸುಮಾರಿನ ಗಡ್ಡದ ದೇವರು. ಎಡಗೈ ಮುಂದೆ ಚಾಚಿದೆ, ಬಲಗೈ ಎಸೆಯಲು ಹಿಂದಕ್ಕೆ ಎಳೆದಿದೆ, ಮುಷ್ಟಿಯಲ್ಲಿದ್ದ ವಸ್ತು ಮಾಯವಾಗಿದೆ. ಸಮುದ್ರದಲ್ಲಿ ಸಿಕ್ಕಿತೆಂದು ಪೊಸೈಡನ್ ಎನ್ನುವುದು ವಾದವಾಗದು. ಮುಳುಗಿದ್ದು ಹಡಗು, ದೇವರಲ್ಲ. ವಾದ ನಡೆಯುವುದು ಕಳೆದುಹೋದ ವಸ್ತುವಿನ ಉದ್ದದ ಮೇಲೆ. ಆ ಮುಷ್ಟಿಗೆ ಉದ್ದ ಹಿಡಿಯ ತ್ರಿಶೂಲ ಕೊಟ್ಟರೆ ಅದು ಪಕ್ಕದಿಂದ ನೋಡುವವರಿಗೆ ಮುಖದ ಮೇಲೇ ಅಡ್ಡ ಬರುತ್ತದೆ. ಇಷ್ಟು ಜಾಣ ಶಿಲ್ಪಿ ಅಂಥ ತಪ್ಪು ಮಾಡಿಯಾನೇ? ಸಿಡಿಲು ಗಿಡ್ಡ, ಮುಖ ಮುಚ್ಚುವುದಿಲ್ಲ. ಇದೇ ಭಂಗಿಯಲ್ಲಿ ಸಿಡಿಲು ಎಸೆಯುವ ಜ್ಯೂಸ್‌ನ ಚಿಕ್ಕ ಕಂಚಿನ ಮೂರ್ತಿಗಳೂ ಇವೆ. ಹೆಚ್ಚಿನ ವಿದ್ವಾಂಸರು ಜ್ಯೂಸ್ ಎನ್ನುವುದು ಈ ಎರಡು ಕಾರಣಕ್ಕೆ. ನೀವೂ ಹೀಗೆಯೇ ಯೋಚಿಸಿ: ಇಲ್ಲದ ವಸ್ತುವನ್ನು ಕೈಗೆ ಕೊಟ್ಟು, ಅದು ಮೈಗೆ ಎಲ್ಲಿ ತಾಗುತ್ತದೆ ಎಂದು ನೋಡಿ.

ಅಭ್ಯಾಸಕ್ಕೆ

ಪಾರ್ಥೆನಾನ್‌ನ ಪೂರ್ವದ ಶಿಲ್ಪಪಟ್ಟಿಯ ಚಿತ್ರ ತೆಗೆದುಕೊಂಡು ವಿವರಣೆ ಮುಚ್ಚಿ ಕೂರಿ. ಅದರ ಫಲಕಗಳಲ್ಲಿ ಹೆಚ್ಚಿನವು ಲಂಡನ್‌ನಲ್ಲಿವೆ; ಪೊಸೈಡನ್, ಅಪೊಲೊ, ಆರ್ಟೆಮಿಸ್ ಇರುವ ಫಲಕ ಅಥೆನ್ಸ್‌ನಲ್ಲಿದೆ. ಕೂತ ದೇವರ ತಲೆ, ನಿಂತ ಮನುಷ್ಯರ ತಲೆ ಒಂದೇ ಮಟ್ಟದಲ್ಲಿವೆ. ಎದ್ದು ನಿಂತರೆ ದೇವರು ಎಷ್ಟು ದೊಡ್ಡವರೆಂದು ಅದರಿಂದಲೇ ತಿಳಿಯುತ್ತದೆ. ಹನ್ನೆರಡು ಮಂದಿ ಕೂತಿದ್ದಾರೆ. ಹೆಸ್ಟಿಯಾ ಇಲ್ಲ, ಡಯೊನಿಸಸ್ ಇದ್ದಾನೆ. ಒರಗುವ ಬೆನ್ನಿರುವ ಆಸನ ಒಬ್ಬನಿಗೇ, ಉಳಿದವರಿಗೆ ಮಣೆ. ಅಲ್ಲಿಂದ ಶುರು ಮಾಡಿ. ಅವನ ಕಡೆ ತಿರುಗಿ ಮುಸುಕು ಸರಿಸುತ್ತಿರುವವಳು ಯಾರೆಂದು ಆಗ ತಾನಾಗಿ ತಿಳಿಯುತ್ತದೆ. ತೊಡೆಯ ಮೇಲಿನ ಟೋಪಿ, ಕಂಕುಳಲ್ಲಿನ ಊರುಗೋಲು, ಮಡಿಲಲ್ಲಿ ಮಡಚಿಟ್ಟ ಏಜಿಸ್, ಒಂದು ಪಂಜು ಇವನ್ನು ಹುಡುಕಿ. ಎರಡು ಕೈಯಲ್ಲಿ ಮೊಣಕಾಲು ಹಿಡಿದು ಚಡಪಡಿಸುತ್ತಾ ಕೂತವನಿಗೆ ಯುದ್ಧವಿಲ್ಲದೆ ಬೇಸರ ಬಂದಿದೆ. ಹೆರಾಳ ಪಕ್ಕ ನಿಂತ ರೆಕ್ಕೆಯ ಹುಡುಗಿ ಐರಿಸ್ಸೋ ನೈಕಿಯೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಎರಡೂ ಹೆಸರು ಬರೆದು ಪ್ರಶ್ನೆಚಿಹ್ನೆ ಹಾಕಿ.