ಮಗುವಿನ ಹೃದಯವನ್ನು ಮುದ್ರಿಸಿ ನೋಡುವ ಕೆಲಸ

ಮಕ್ಕಳ ಹೃದ್ರೋಗ ವಿಭಾಗದಲ್ಲಿ ಹೃದಯದ ತ್ರೀಡಿ ಮಾದರಿಗಳನ್ನು ತಯಾರಿಸುವುದು ನನ್ನ ಕೆಲಸ. ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಹೃದಯದ ಎಡ, ಬಲ ಭಾಗಗಳ ನಡುಗೋಡೆಯಲ್ಲಿ ಒಂದು ಸರಳ ರಂಧ್ರವಿದ್ದರೆ ಎಕೊ, ಅಂದರೆ ಹೃದಯದ ಅಲ್ಟ್ರಾಸೌಂಡ್, ಸಾಕು. ಆದರೆ ಕೆಲವು ಮಕ್ಕಳಲ್ಲಿ ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿ, ಶ್ವಾಸಕೋಶದ ಅಪಧಮನಿ ಎರಡೂ ಬಲ ಹೃತ್ಕುಕ್ಷಿಯಿಂದಲೇ (ಹೃದಯದ ಕೆಳಗಿನ ಬಲ ಕೋಣೆಯಿಂದಲೇ) ಹೊರಟಿರುತ್ತವೆ. ಆಗ ಎಡಗಡೆಯ ರಕ್ತಕ್ಕೆ ನಡುಗೋಡೆಯ ರಂಧ್ರವೇ ಹೊರದಾರಿ. ಆ ರಂಧ್ರದಿಂದ ಮಹಾಪಧಮನಿಯವರೆಗೆ ಒಳಗೇ ಸುರಂಗ ಕಟ್ಟಲು ಬಂದರೆ ಮಗುವಿಗೆ ಎರಡು ಹೃತ್ಕುಕ್ಷಿಗಳೂ ದಕ್ಕುತ್ತವೆ. ಯಾವ ದಾರಿಯೂ ಕಾಣದಿದ್ದರೆ ಒಂದೇ ಹೃತ್ಕುಕ್ಷಿಯನ್ನು ನೆಚ್ಚಿ ಬದುಕುವ ಫಾಂಟನ್ ಶಸ್ತ್ರಚಿಕಿತ್ಸೆಯತ್ತ ಹೋಗಬೇಕಾಗುತ್ತದೆ. ಸುರಂಗಕ್ಕೆ ಜಾಗವಿದೆಯೇ? ಸರ್ಜನ್ ಕೇಳುವುದು ಇಷ್ಟೇ.

ಉತ್ತರದ ಅರ್ಧ ಭಾಗ ಸಿ.ಟಿ. ಕೊಠಡಿಯಲ್ಲೇ ತೀರ್ಮಾನವಾಗುತ್ತದೆ. ಚಿತ್ರದಲ್ಲಿ ರಕ್ತ ಹೊಳೆದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧ ಹೃದಯದ ಎರಡೂ ಬದಿಗಳಲ್ಲಿ ಸಮನಾಗಿ ತುಂಬಿರಬೇಕು. ಆಮೇಲೆ ಆ ಚಿತ್ರಗಳನ್ನು ತ್ರೀಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ ರಕ್ತವಿರುವ ಜಾಗಕ್ಕೆಲ್ಲ ಬಣ್ಣ ತುಂಬುತ್ತೇನೆ. ಎಷ್ಟು ಹೊಳಪಿದ್ದರೆ ರಕ್ತವೆಂದು ಎಣಿಸಬೇಕು ಎಂಬ ಮಿತಿಯನ್ನು ಸ್ವಲ್ಪ ಇಳಿಸಿದರೆ ತೆಳುಗೋಡೆ ಕರಗಿ ಇಲ್ಲದ ರಂಧ್ರ ಹುಟ್ಟುತ್ತದೆ, ಏರಿಸಿದರೆ ಇರುವ ರಂಧ್ರವೇ ಕಿರಿದಾಗುತ್ತದೆ. ಹಾಗಾಗಿ ನಡುಗೋಡೆಯನ್ನು ನಾನು ಎಂದೂ ಯಂತ್ರದ ಲೆಕ್ಕಕ್ಕೆ ಬಿಡುವುದಿಲ್ಲ. ಎಕೊ ಅಳತೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಪದರವನ್ನು ಕೈಯಾರೆ ತಿದ್ದುತ್ತೇನೆ. ಬೇಸರ ತರಿಸುವ ಕೆಲಸ ನಿಜ, ಆದರೆ ಮಾದರಿಯ ನಂಬಿಕೆಯೆಲ್ಲ ಇಲ್ಲಿಯೇ ಇದೆ.

ಹೀಗೆ ಸಿಗುವುದು ರಕ್ತದ ಅಚ್ಚು. ಅದರ ಹೊರಗೆ ಒಂದೆರಡು ಮಿಲಿಮೀಟರ್ ಗೋಡೆ ಕೊಟ್ಟು ಒಳಗಿನದನ್ನು ಕಳೆದರೆ ಪೊಳ್ಳು ಹೃದಯ ಬರುತ್ತದೆ. ಅದನ್ನು ಎಲ್ಲಿ ಸೀಳಬೇಕು ಎಂದು ಸರ್ಜನ್ ಅವರನ್ನೇ ಕೇಳುತ್ತೇನೆ. ಅವರು ಮೇಜಿನ ಮೇಲೆ ಯಾವ ಕಡೆಯಿಂದ ಒಳಗೆ ನೋಡುವರೋ ಮಾದರಿಯೂ ಆ ಕಡೆಯಿಂದಲೇ ತೆರೆದುಕೊಳ್ಳಬೇಕು. ಮುದ್ರಣದ ಆಧಾರಕಡ್ಡಿಗಳು ರಂಧ್ರದ ಅಂಚಿಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಮುರಿದ ಕಡ್ಡಿಯ ಮೊಟಕು ಅಲ್ಲಿ ಉಳಿದರೆ ಸ್ನಾಯುವಿನ ಉಬ್ಬಿನಂತೆಯೇ ಕಾಣುತ್ತದೆ. ಗಾತ್ರ ಮಾತ್ರ ಮಗುವಿನ ಹೃದಯದಷ್ಟೇ ಇರಬೇಕೆಂದು ನಾನು ಹಟ ಹಿಡಿಯುತ್ತೇನೆ. ದೊಡ್ಡದಾಗಿ ಮುದ್ರಿಸಿದ್ದು ಪಾಠಕ್ಕೆ ಚೆನ್ನ. ಯೋಜನೆಗೆ ಕೂತಾಗ ಮಾತ್ರ ಅದರಲ್ಲಿ ಇಲ್ಲದ ಜಾಗವೂ ಇದೆ ಎನ್ನಿಸುತ್ತದೆ.

ಮೃದುವಾದ ರೆಸಿನ್ ಮಾದರಿಯಾದರೆ ಸರ್ಜನ್ ಕೈಗವಸಿನ ತುಂಡೊಂದನ್ನು ಕತ್ತರಿಸಿ, ರಂಧ್ರದಿಂದ ಮಹಾಪಧಮನಿಯ ಬಾಯಿಗೆ ಬಾಗಿಸಿಟ್ಟು, ಸುರಂಗ ಎಲ್ಲಿ ಇಕ್ಕಟ್ಟಾಗುತ್ತದೆ ಎಂದು ನೋಡುತ್ತಾರೆ. 2017ರಲ್ಲಿ ಪ್ರಕಟವಾದ, ಹಲವು ದೇಶಗಳ 10 ಕೇಂದ್ರಗಳ ಅಧ್ಯಯನವೊಂದರಲ್ಲಿ 40 ಸಂಕೀರ್ಣ ಪ್ರಕರಣಗಳ ಪೈಕಿ 19ರಲ್ಲಿ ಮಾದರಿ ನೋಡಿದ ಮೇಲೆ ಶಸ್ತ್ರಚಿಕಿತ್ಸೆಯ ಯೋಜನೆಯನ್ನು ಮರುರೂಪಿಸಲಾಗಿತ್ತು. ಯೋಜನೆ ಬದಲಾಗದ ಪ್ರಕರಣಗಳಲ್ಲಿಯೂ ಶ್ರಮ ವ್ಯರ್ಥವಲ್ಲ ಎಂಬುದು ನನ್ನ ಅಭಿಪ್ರಾಯ. ಎದೆ ತೆರೆದ ಮೇಲೆ ಹುಡುಕಾಡುವ ಬದಲು ಮೊದಲೇ ಕೈಯಲ್ಲಿ ಹಿಡಿದು ನೋಡಿರುತ್ತಾರೆ.

ಕವಾಟದ ತೆಳು ಎಸಳುಗಳು, ಅವುಗಳನ್ನು ಹಿಡಿದಿರುವ ಸಣ್ಣ ದಾರಗಳು ಸಿ.ಟಿ.ಯಲ್ಲಿ ಸರಿಯಾಗಿ ಮೂಡುವುದಿಲ್ಲ, ಆದ್ದರಿಂದ ಮಾದರಿಯಲ್ಲಿಯೂ ಇರುವುದಿಲ್ಲ. ಆದರೆ ಸುರಂಗದ ದಾರಿಗೆ ಅವು ಅಡ್ಡ ಬರಬಹುದು. ಅದಕ್ಕೇ ಎಕೊ ಮಾಡಿದ ವೈದ್ಯರನ್ನು ಜೊತೆಗೆ ಕೂರಿಸಿಕೊಂಡು, ಆ ದಾರಗಳು ಅಂಟಿರುವ ಜಾಗಗಳಿಗೆ ಮಾದರಿಯ ಒಳಗೋಡೆಯ ಮೇಲೆ ಶಾಯಿಯ ಗುರುತು ಹಾಕಿಸಿದ ನಂತರವೇ ಅದನ್ನು ಸರ್ಜನ್‌ಗೆ ಕೊಡುತ್ತೇನೆ.