ತೋಳು ಒಣಗಿದ ದ್ರಾಕ್ಷಿ ಬಳ್ಳಿ ಉಳಿದಿದ್ದು ಹೀಗೆ

ಹಿರಿಯೂರು ಹತ್ತಿರದ ನಮ್ಮ ತೋಟದಲ್ಲಿ ಏಪ್ರಿಲ್ ಪ್ರೂನಿಂಗ್ ಆದ ಮೇಲೆ ಕೆಲವು ಬಳ್ಳಿಗಳ ತೋಳು (ಕಾಂಡದಿಂದ ಚಪ್ಪರದ ಮೇಲೆ ಹರಡುವ ದಪ್ಪ ಕೊಂಬೆ) ಚಿಗುರಲೇ ಇಲ್ಲ. ಅಡ್ಡ ಕೊಯ್ದರೆ ಒಳಗೆ ಬೆಣೆಯಂಥ ಕಂದು ಕಲೆ. ಕಾಂಡದೊಳಗಿನ ಶಿಲೀಂಧ್ರ ಇದು. ಮೇಲಿಂದ ಔಷಧಿ ಹೊಡೆಯುವುದು ಸುಮ್ನೆ ದುಡ್ಡು ದಂಡ.

ಮಳೆಯಿಲ್ಲದ ದಿನ ನೋಡಿ ಕತ್ತರಿಸುತ್ತಾ ಕೆಳಗೆ ಬಂದೆ. ಕಲೆ ಮುಗಿದು ಬಿಳಿ ಕಟ್ಟಿಗೆ ಕಂಡ ಮೇಲೂ ಇನ್ನೊಂದು ಗೇಣು ಕೊಯ್ದೆ. ಗಾಯಕ್ಕೆ ಬೋರ್ಡೊ ಮುಲಾಮು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಕಬ್ಬಿಣದ ಬಕೆಟ್ ಮಾತ್ರ ಬೇಡ. ಕೊಯ್ದ ಕಟ್ಟಿಗೆ ಸುಟ್ಟೆ. ಮಳೆ ಬಿದ್ದರೆ ಅದರಿಂದಲೇ ರೋಗ ಹರಡುತ್ತದೆ.

ಹೊಸ ಚಿಗುರು ಬಿಡುವಾಗ ಹುಷಾರು. ಕಸಿ ಗಂಟಿನ ಮೇಲಿನದನ್ನೇ ಇಟ್ಟುಕೊಳ್ಳಿ. ಕೆಳಗಿನದು ಡಾಗ್‌ರಿಡ್ಜ್, ಅಂದರೆ ಕಸಿ ಕಟ್ಟಲು ಬೇರಿಗಾಗಿ ಬಳಸುವ ಬೇರೆ ದ್ರಾಕ್ಷಿ ತಳಿ, ನಮಗೆ ಬೇಕಾದ ಹಣ್ಣು ಅದರಲ್ಲಿ ಬರಲ್ಲ. ಕಲೆ ಗಂಟಿನವರೆಗೂ ಇಳಿದಿದ್ದ ಬಳ್ಳಿಗಳನ್ನು ಕಿತ್ತೆ. ಉಳಿದವು ಈಗ ಚಪ್ಪರ ಹತ್ತಿವೆ.