ನಕಲಿ ಬ್ಲೂಟೂತ್ ಡಾಂಗಲ್ ಜೊತೆ ಲಿನಕ್ಸ್ ಡ್ರೈವರ್ ಏಗೋದು ಹೇಗೆ

ಕುಶಾಲನಗರ, ಗೋಣಿಕೊಪ್ಪ ಕಡೆ ಮೊಬೈಲ್ ಅಂಗಡಿ ಗಾಜಿನ ಕೌಂಟರ್ ಒಳಗೆ ಉಗುರಿನಷ್ಟುದ್ದದ ಬ್ಲೂಟೂತ್ ಡಾಂಗಲ್ ಇಟ್ಟಿರ್ತಾರಲ್ಲ, ಆನ್‌ಲೈನ್ ತರಿಸಿದ್ರೂ ಸುಮಾರಾಗಿ ಅದೇ ಮಾಲು. ಲಿನಕ್ಸ್ ಮಶೀನಿಗೆ ಚುಚ್ಚಿ, ಯುಎಸ್‌ಬಿಗೆ ಚುಚ್ಚಿರೋದನ್ನೆಲ್ಲ ಪಟ್ಟಿ ಮಾಡೋ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಓಡಿಸಿ ನೋಡಿ, ಎಷ್ಟೋ ಸಲ ಒಂದೇ ಹೆಸರು ಬರುತ್ತೆ, ಕೇಂಬ್ರಿಡ್ಜ್ ಸಿಲಿಕಾನ್ ರೇಡಿಯೋ, ಐಡಿ 0ಎ12:0001. ಅಂದ್ರೆ ಸಿಎಸ್‌ಆರ್. ಆ ಕಂಪನಿನ ಕ್ವಾಲ್‌ಕಾಮ್‌ನವ್ರು 2015ರಲ್ಲೇ ತಗೊಂಡಾಯ್ತು, ಆದ್ರೂ ಅದರ ಹೆಸರಲ್ಲಿ ಡಾಂಗಲ್ ಬರ್ತಾನೇ ಇದೆ, ಒಳಗಿರೋ ಚಿಪ್ ಮಾತ್ರ ಬೇರೆ ಯಾರದ್ದೋ. ರಸ್ತೆ ಬದಿ ಬೆಲ್ಲದ ಪಾಕಕ್ಕೆ ಕೊಡಗಿನ ಜೇನು ಅಂತ ಚೀಟಿ ಅಂಟಿಸಿ ಮಾರಿದ ಹಾಗೆ.

ಯಾಕೆ ಹೀಗೆ ಮಾಡ್ತಾರೆ ಅಂದ್ರೆ, ಈ ಐಡಿ ಹಾಕ್ಬಿಟ್ರೆ ಎಲ್ಲಾ ಓಎಸ್‌ನಲ್ಲೂ ಮೊದಲೇ ಇರೋ ಡ್ರೈವರ್ ತಾನಾಗೇ ಬಂದು ಕೂತ್ಕೊಳ್ಳುತ್ತೆ, ಹೊಸ ಡ್ರೈವರ್ ಬರೆಯೋ ತಲೆನೋವಿಲ್ಲ. ಹಾಗಂತ ಆ ಐಡಿನೇ ಬ್ಲಾಕ್ ಮಾಡಿ ಅಂತ ಸಲಹೆ ಕೊಡೋರು ಸ್ವಲ್ಪ ತಡೀರಿ, ಅಸಲಿ ಸಿಎಸ್‌ಆರ್ ಚಿಪ್‌ಗಳೂ ಬ್ಲೂಟೂತ್ 1.1 ಕಾಲದಿಂದ 4.0 ತನಕ ಅದೇ ಐಡಿ ಇಟ್ಕೊಂಡು ಬಂದಿವೆ, ಬ್ಲಾಕ್ ಮಾಡಿದ್ರೆ ಅವೂ ಹೋದ್ವು.

ಸುಮ್ನೆ ಡಾಂಗಲ್ ಓಡಿದ್ರೆ ಸಾಕು ಅನ್ನೋರು ಕರ್ನಲ್ (ಲಿನಕ್ಸ್‌ನ ತಿರುಳು, ಈ ಡ್ರೈವರ್ ಇರೋದು ಅದರಲ್ಲೇ) ಅಪ್‌ಡೇಟ್ ಮಾಡ್ಕೊಳ್ಳಿ ಸಾಕು. ನಕಲಿಗಳನ್ನ ಗುರುತಿಸೋ ಕೋಡ್ 2020ರಲ್ಲಿ, ಯುಎಸ್‌ಬಿ ಬ್ಲೂಟೂತ್ ನೋಡ್ಕೊಳ್ಳೋ ಬಿಟಿಯುಎಸ್‌ಬಿ ಡ್ರೈವರ್‌ಗೆ ಚೆನ್ನಾಗಿ ಸೇರಿದೆ, ಆಮೇಲೂ ರಿಪೇರಿ ನಡೀತಾನೇ ಇದೆ. ಡ್ರೈವರ್ ಕೋಡ್‌ಗೆ ಕೈ ಹಾಕ್ಬೇಕು ಅನ್ನೋರು ಮುಂದೆ ಓದಿ.

ಮೊದಲು ಡಿಮೆಸೇಜ್ (dmesg, ಕರ್ನಲ್ ಬರೆದಿಡೋ ಲಾಗ್) ತೆಗೆದು ನೋಡಿ. ಹಳೇ ಕರ್ನಲ್‌ನಲ್ಲಿ ಕಮಾಂಡ್ 0ಸಿ5ಎ ಟೈಮ್‌ಔಟ್ ಅಂತ ಬಂದಿದ್ರೆ ಅದು ಎರೋನಿಯಸ್ ಡೇಟಾ ರಿಪೋರ್ಟಿಂಗ್ (ಕೆಟ್ಟು ಬಂದ ಡೇಟಾನ ತಿಳಿಸೋ ಸೌಲಭ್ಯ) ಆನ್ ಇದೆಯಾ ಅಂತ ಕೇಳೋ ಕಮಾಂಡ್, ಚಿಪ್ ನನಗೆ ಇದು ಬರುತ್ತೆ ಅಂತ ಪಟ್ಟಿಯಲ್ಲಿ ಒಪ್ಕೊಂಡಿರುತ್ತೆ, ಕೇಳಿದ್ರೆ ಉತ್ತರಾನೇ ಇಲ್ಲ, ಇನಿಶಿಯಲೈಸೇಷನ್ ಅಲ್ಲೇ ನಿಂತ್ಬಿಡುತ್ತೆ. ಇನ್ನು ಕೆಲವು ಡಾಂಗಲ್ ಎಲ್ಲಾ ಸರಿ ಇರೋ ಹಾಗೇ ನಟಿಸ್ತಾವೆ, ಸ್ಕ್ಯಾನ್ ಆಗುತ್ತೆ, ಮೌಸ್ ಕನೆಕ್ಟ್ ಅಂತ ತೋರಿಸುತ್ತೆ, ಕರ್ಸರ್ ಮಾತ್ರ ಅಲ್ಲಾಡಲ್ಲ.

ಆಮೇಲೆ ಚಿಪ್ ಹೇಳೋ ನಂಬರ್‌ಗಳನ್ನ ತಾಳೆ ಹಾಕಿ. ಎಚ್‌ಸಿಐಕಾನ್ಫಿಗ್ (hciconfig) ಕಮಾಂಡ್‌ನಲ್ಲೋ, ಬ್ಲೂಟೂತ್ ಮಾತುಕತೆ ದಾಖಲಿಸೋ ಬಿಟಿಮಾನ್ (btmon) ಲಾಗ್‌ನಲ್ಲೋ, ಚಿಪ್‌ನ ವರ್ಷನ್ ಕೇಳೋ ರೀಡ್ ಲೋಕಲ್ ವರ್ಷನ್ ಕಮಾಂಡ್‌ನ ಉತ್ತರ ಸಿಗುತ್ತೆ, ಅದರಲ್ಲಿ ಮೂರು ನೋಡ್ಬೇಕು: ಮ್ಯಾನುಫ್ಯಾಕ್ಚರರ್ ಕೋಡ್, ಎಚ್‌ಸಿಐ (ಕಂಪ್ಯೂಟರ್-ಚಿಪ್ ಮಾತುಕತೆ) ರಿವಿಷನ್, ಎಲ್‌ಎಂಪಿ (ಚಿಪ್-ಚಿಪ್ ಮಾತುಕತೆ) ಸಬ್‌ವರ್ಷನ್. ಸಿಎಸ್‌ಆರ್ ಕೋಡ್ 10, ಮತ್ತೆ ಅಸಲಿಯಲ್ಲಿ ರಿವಿಷನ್ನೂ ಸಬ್‌ವರ್ಷನ್ನೂ ಒಂದೇ ಇರುತ್ತೆ. ಅಸಲಿ ಸಿಎಸ್‌ಆರ್8510 ಎರಡು ಕಡೆನೂ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) 22ಬಿಬಿ ಅನ್ನುತ್ತೆ, ಅದನ್ನ ದಶಮಾಂಶಕ್ಕೆ ತಿರುಗಿಸಿ ನೋಡಿ, 8891, ಯುಎಸ್‌ಬಿ ಡಿಸ್ಕ್ರಿಪ್ಟರ್‌ನ (ಡಾಂಗಲ್ ತನ್ನ ಬಗ್ಗೆ ಕಂಪ್ಯೂಟರ್‌ಗೆ ಹೇಳ್ಕೊಳ್ಳೋ ವಿವರದ) ಬಿಸಿಡಿಡಿವೈಸ್ ಅನ್ನೋ ವರ್ಷನ್ ಜಾಗದಲ್ಲೂ 88.91. ಎಷ್ಟು ಒಪ್ಪವಾಗಿದೆ ಅಲ್ವಾ! ನನ್ನ ಮೇಜಿನ ಮೇಲಿರೋ ನಕಲಿ ಮಹಾಶಯ 88.91 ಕಾಪಿ ಹೊಡ್ದಿದ್ದಾನೆ, ಸಬ್‌ವರ್ಷನ್ 22ಬಿಬಿನೂ ಕಾಪಿ, ಮ್ಯಾನುಫ್ಯಾಕ್ಚರರ್ 10, ರಿವಿಷನ್ ಹತ್ರ ಬಂದು 3120 ಅಂದು ಸಿಕ್ಕಿಬಿದ್ದ. ಬರೀ ಬಿಸಿಡಿಡಿವೈಸ್ ಪಟ್ಟಿ ಇಟ್ಕೊಂಡು ಹಿಡೀತೀನಿ ಅಂದ್ರೆ ಇವನು ಸಿಗ್ತಾನೇ ಇರ್ಲಿಲ್ಲ. ಅದಕ್ಕೇ ಡ್ರೈವರ್‌ನ ಸೆಟಪ್ ಫಂಕ್ಷನ್‌ನಲ್ಲಿ ಮೊದಲು ವರ್ಷನ್ ಕೇಳಿ, ಉತ್ತರ ಒಂದಕ್ಕೊಂದು ಹೊಂದುತ್ತಾ ನೋಡಿ, ಆಮೇಲೆ ನಕಲಿ ಅಂತ ತೀರ್ಮಾನ ಮಾಡೋದು. ಎರಡೂ ಒಂದೇ ಇಟ್ಕೊಂಡಿರೋ ಜಾಣ ನಕಲಿಗಳೂ ಇವೆ, ಅಂಥವಕ್ಕೆ ಬಿಸಿಡಿಡಿವೈಸ್, ಬ್ಲೂಟೂತ್ ವರ್ಷನ್, ಸಬ್‌ವರ್ಷನ್ ಮೂರನ್ನೂ ಜೋಡಿಸಿ ಹಿಡೀಬೇಕು.

ಗೊತ್ತಾದ್ಮೇಲೆ ಏನು ಮಾಡೋದು? ಒದ್ದು ಓಡಿಸೋದಲ್ಲ, ಅವನಿಗೆ ಬರದೇ ಇರೋದನ್ನ ಕೇಳದೇ ಇರೋದು. ಕರ್ನಲ್‌ನಲ್ಲಿ ಇದಕ್ಕೆ ಕ್ವರ್ಕ್ ಅಂತ ಫ್ಲ್ಯಾಗ್‌ಗಳಿವೆ. ಸ್ಟೋರ್ಡ್ ಲಿಂಕ್ ಕೀ ಕಮಾಂಡ್ ಕೆಟ್ಟಿದೆ, ಎರೋನಿಯಸ್ ಡೇಟಾ ರಿಪೋರ್ಟಿಂಗ್ ಕೆಟ್ಟಿದೆ, ಫಿಲ್ಟರ್ ಕ್ಲಿಯರ್ ಕೆಟ್ಟಿದೆ ಅಂತ ಒಂದೊಂದಕ್ಕೂ ಒಂದು, ಅದನ್ನ ಸೆಟ್ ಮಾಡಿದ್ರೆ ಮೇಲಿನ ಲೇಯರ್ ಆ ಕಮಾಂಡ್ ಕಳಿಸೋದೇ ಇಲ್ಲ. ಅಸಲಿಗೆ ಬೇಕು ಅಂತ ಮೊದಲೇ ಹಾಕಿರೋ ಕೆಲವು ಕ್ವರ್ಕ್ ನಕಲಿಗೆ ಉಲ್ಟಾ ಹೊಡೆಯುತ್ತೆ, ಸ್ಕ್ಯಾನ್ ಮಾಡುವಾಗ ಹಳೇ ಕ್ಲಾಸಿಕ್ ಬ್ಲೂಟೂತೂ ಕಡಿಮೆ ಪವರ್‌ನ ಎಲ್‌ಇನೂ ಒಟ್ಟಿಗೆ ಹುಡುಕೋ ಥರದ್ದು, ಅದನ್ನ ತೆಗೀಲೇಬೇಕು.

ಕರ್ಸರ್ ಅಲ್ಲಾಡದ ಕೇಸ್ ಇದೆಯಲ್ಲ, ಅದರ ಕಾರಣ ಕೇಳಿದ್ರೆ ನಗು ಬರುತ್ತೆ. ಬ್ಯಾರಟ್ 8041 ಥರದ ಕೆಲವು ಚಿಪ್‌ಗಳ ಬಲ್ಕ್ ರಿಸೀವ್ ಎಂಡ್‌ಪಾಯಿಂಟ್ (ಡೇಟಾ ಕಂಪ್ಯೂಟರ್‌ಗೆ ಬರೋ ಯುಎಸ್‌ಬಿ ದಾರಿ), ಒಂದು ಸಲನಾದ್ರೂ ಚಿಪ್ ಸಸ್ಪೆಂಡ್ ಆಗದೇ, ಅಂದ್ರೆ ಮಲಗದೇ, ಡೇಟಾನೇ ಕೊಡಲ್ಲ! ಅದಕ್ಕೆ ಡ್ರೈವರ್ ಏನು ಮಾಡುತ್ತೆ ಅಂದ್ರೆ ರನ್‌ಟೈಮ್ ಸಸ್ಪೆಂಡ್‌ಗೆ ಅನುಮತಿ ಕೊಟ್ಟು, ಬಲವಂತವಾಗಿ ಮಲಗಿಸಿ, 200 ಮಿಲಿಸೆಕೆಂಡ್ ಕಾದು, ಮತ್ತೆ ಎಬ್ಬಿಸುತ್ತೆ. ಡಿಮೆಸೇಜ್‌ನಲ್ಲಿ ಸಿಎಸ್‌ಆರ್ ಕ್ಲೋನ್ ಸಿಕ್ತು, ಒಂದು ಸಲ ಫೋರ್ಸ್ ಸಸ್ಪೆಂಡ್ ಮಾಡ್ತಿದೀನಿ ಅನ್ನೋ ಅರ್ಥದ ಸಾಲು ಕಂಡ್ರೆ ಇದೇ ನಡೀತಿದೆ ಅಂತ. ಇದೇ ಚಿಪ್‌ಗಳು ತಾವಾಗೇ ಮಲಗಿದ್ರೆ ಕೀಬೋರ್ಡ್ ಒತ್ತಿದ್ರೂ ಏಳಲ್ಲ, ಹಾಗಾಗಿ ರಿಮೋಟ್ ವೇಕಪ್ (ಡೇಟಾ ಬಂದಾಗ ತಾನೇ ಏಳೋದು) ನಂಬಬೇಡಿ, ಬಳಕೆಯಲ್ಲಿರುವಾಗ ಆಟೋಸಸ್ಪೆಂಡ್ ಆಗದ ಹಾಗೆ ಬಿಡಿ.

ನಕಲಿ ಕಂಡ್ರೆ ಸಾಯಿಸ್ಬೇಕು ಅನ್ನೋ ದಾರಿನೂ ಒಬ್ಬರು ಹಿಡಿದಿದ್ರು. 2014ರ ಅಕ್ಟೋಬರ್‌ನಲ್ಲಿ ಎಫ್‌ಟಿಡಿಐ ಕಂಪನಿಯ ಯುಎಸ್‌ಬಿ ಸೀರಿಯಲ್ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು ನಕಲಿ ಚಿಪ್‌ಗಳ ಪ್ರಾಡಕ್ಟ್ ಐಡಿನೇ ಸೊನ್ನೆ ಮಾಡಿಹಾಕ್ತು, ಗಲಾಟೆ ಆಗಿ ವಾಪಸ್ ತಗೊಂಡ್ರು. ಲಿನಕ್ಸ್‌ನವ್ರು ಆ ಸೊನ್ನೆ ಐಡಿನೂ ಡ್ರೈವರ್‌ಗೆ ಸೇರಿಸ್ಕೊಂಡು ಕೆಲಸ ಮಾಡೋ ಹಾಗೆ ಮಾಡಿದ್ರು. ನನಗಂತೂ ಇದೇ ಸರಿ ಅನ್ಸುತ್ತೆ, ಮೋಸ ಮಾಡಿದವನು ಎಲ್ಲೋ ಇದಾನೆ, ದುಡ್ಡು ಕೊಟ್ಟು ತಂದವನಿಗೆ ಒಳಗೆ ಯಾವ ಚಿಪ್ ಅಂತ ಗೊತ್ತೇ ಇರಲ್ಲ. ವಾಪಸ್ ಕಳ್ಸೋಣ ಅಂದ್ರೆ ನಮ್ಮೂರಿಂದ ಕೊರಿಯರ್ ಖರ್ಚೇ ಡಾಂಗಲ್ ಬೆಲೆಗೆ ಸಮ ಆಗುತ್ತೆ.

ಹೊಸ ಕ್ವರ್ಕ್ ಬರೆದ್ಮೇಲೆ ಅಸಲಿ ಡಾಂಗಲ್ ಒಂದನ್ನ ಎಲ್ಲಿಂದಾದ್ರೂ ಸಾಲ ತಂದು ಚುಚ್ಚಿ ನೋಡಿ, ನಕಲಿಗೆ ಅಂತ ಬರೆದದ್ದು ಅಸಲಿಗೆ ತಗುಲ್ಬಾರ್ದು. ಆಮೇಲೆ ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ, ಪೂರ್ತಿ ಪವರ್ ತೆಗೆದೂ ನೋಡಿ, ಯಾಕಂದ್ರೆ ರೀಬೂಟ್ ಮಾಡಿದ್ರೂ ಯುಎಸ್‌ಬಿಗೆ ಕರೆಂಟ್ ಹೋಗದೇ ಇರೋ ಮಶೀನ್‌ಗಳಿವೆ, ಆಗ ಚಿಪ್ ಹಳೇ ಸ್ಥಿತಿಯಲ್ಲೇ ಇದ್ದು ಸರಿಹೋಯ್ತು ಅಂತ ಸುಳ್ಳು ಸುಳ್ಳೇ ಅನ್ಸುತ್ತೆ. ಮಡಿಕೇರಿ ಮಳೆಗಾಲದಲ್ಲಿ ಈ ಟೆಸ್ಟಿಗೆ ನೀವೇನೂ ಕಷ್ಟಪಡ್ಬೇಕಿಲ್ಲ, ಕರೆಂಟ್‌ನವ್ರೇ ಮಾಡಿಕೊಡ್ತಾರೆ. ಪ್ಯಾಚ್ (ನಿಮ್ಮ ಕೋಡ್ ತಿದ್ದುಪಡಿ) ಕರ್ನಲ್‌ನವ್ರಿಗೆ ಕಳ್ಸುವಾಗ ಎಲ್‌ಎಸ್‌ಯುಎಸ್‌ಬಿ ವಿವರ, ಆ ಮೂರು ನಂಬರ್, ಬಿಟಿಮಾನ್ ಲಾಗ್ ಜೊತೆಗಿಡಿ, ಡಾಂಗಲ್ ಸಿಪ್ಪೆ ಬಿಚ್ಚೋ ಧೈರ್ಯ ಇದ್ರೆ ಚಿಪ್ ಮೇಲೆ ಬರೆದಿರೋ ಅಕ್ಷರಾನೂ ನೋಡಿ ಬರೀರಿ. ಲಾಗ್‌ನಲ್ಲಿ ನಿಮ್ಮ ಫೋನ್, ಹೆಡ್‌ಸೆಟ್‌ಗಳ ಅಡ್ರೆಸ್ಸೂ ಪೇರಿಂಗ್ ಕೀನೂ ಇರುತ್ತೆ, ಕಳಿಸೋ ಮುಂಚೆ ಅಳಿಸ್ಕೊಳ್ಳಿ.